ಹೆಸರಿನಲ್ಲೊಂದು ಬಣ್ಣ, ಬಣ್ಣದಲ್ಲೊಂದು ಕಥೆ

ಕಳೆದ ತಿಂಗಳು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಗೆ ರಸಪ್ರಶ್ನೆ ನಡೆಸಿಕೊಡಲು ಹೋಗಿದ್ದೆ. ಸ್ಪರ್ಧೆ ಮುಗಿಯಿತು. ಬಹುಮಾನ ವಿತರಿಸಬೇಕಾದ ಅತಿಥಿಗಳು ಬರುವುದು ತಡವಾಯಿತು. ಮಕ್ಕಳ ಗಲಾಟೆ ಶುರುವಾಯಿತು. ಅವರನ್ನು ಸುಮ್ಮನಿರಿಸಲು ಇಡೀ ಸಭೆಗೇ ಒಂದು ಪ್ರಶ್ನೆ ಎಸೆದೆ: "ಹೆಸರಿನಲ್ಲೇ ಬಣ್ಣ ಇರುವ ಒಬ್ಬ ಪ್ರಸಿದ್ಧ ವ್ಯಕ್ತಿ ಯಾರು? ಕೈ ಎತ್ತಿ ಹೇಳಿ."

ಮುಂದಿನ ಸಾಲಿನ ಹುಡುಗಿಯೊಬ್ಬಳು ಥಟ್ಟನೆ "ಕೆಂಪೇಗೌಡ" ಎಂದಳು. 1537ರಲ್ಲಿ ಬೆಂಗಳೂರು ಕಟ್ಟಿದ ನಾಡಪ್ರಭುವಿಗೆ ಜೋರು ಚಪ್ಪಾಳೆ! ಇನ್ನೊಬ್ಬ ಎದ್ದುನಿಂತು ಗಂಭೀರವಾಗಿ "ನೀಲ್ ಆರ್ಮ್‌ಸ್ಟ್ರಾಂಗ್" ಎಂದ. ಎಲ್ಲರೂ ನಕ್ಕರು. ಚಂದ್ರನ ಮೇಲೆ ಕಾಲಿಟ್ಟವನ ಹೆಸರಿಗೂ ನಮ್ಮ ನೀಲಿಗೂ ಸಂಬಂಧವಿಲ್ಲವಾದರೂ ಹುಡುಗನ ಚುರುಕುತನಕ್ಕೆ ಅರ್ಧ ಅಂಕ ಕೊಟ್ಟೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ತಮ್ಮ ತರಗತಿಯ ಹುಡುಗನೊಬ್ಬನ ಹೆಸರನ್ನೇ ಕೂಗಿದರು. ಆ ಹೆಸರಿನ ಮೊದಲೆರಡು ಅಕ್ಷರ 'ಕರಿ'. ಸಭಾಂಗಣವೆಲ್ಲ ಗೊಳ್ಳೆಂದಿತು. ಆ ಹುಡುಗ ತಲೆ ತಗ್ಗಿಸಿದ.

ನಿಜ ಹೇಳಬೇಕೆಂದರೆ, ನಾನೂ ನಕ್ಕೆ.

ಕಾರ್ಯಕ್ರಮ ಮುಗಿದು ಬಸ್ ನಿಲ್ದಾಣದ ಕಡೆ ಹೊರಟಾಗ ಅದೇ ಹುಡುಗ ಗೇಟಿನ ಬಳಿ ಕಾಯುತ್ತಿದ್ದ. "ಸಾರ್, ಒಂದು ಕೇಳ್ಲಾ? ಹೆಸರು ಬದಲಾಯಿಸ್ಕೊಳ್ಳೋಕೆ ಏನು ಮಾಡ್ಬೇಕು? ಎಸ್ಸೆಸ್ಸೆಲ್ಸಿ ಅರ್ಜಿ ತುಂಬೋದ್ರೊಳಗೆ ಆಗುತ್ತಾ?" ಎಂದ. ಹೆಸರು ಯಾರದೆಂದು ಕೇಳಿದೆ. "ನಮ್ಮಜ್ಜಂದು ಸಾರ್. ಅಜ್ಜ ಕಪ್ಪಗಿದ್ರಂತೆ, ನಾನೂ ಹಂಗೇ ಇದ್ದೀನಂತ ಅಪ್ಪ ಅದೇ ಹೆಸರಿಟ್ರು." ಬಸ್ಸು ಹೊರಡುವ ಹೊತ್ತು. "ಮುಖ್ಯೋಪಾಧ್ಯಾಯರನ್ನು ಕೇಳಪ್ಪ" ಎಂದು ಹಾರಿಕೆಯ ಉತ್ತರ ಕೊಟ್ಟು ಬಸ್ಸು ಹತ್ತಿದೆ. ನೂರಾರು ಪ್ರಶ್ನೆ ಕೇಳಿ ಬಂದವನಿಗೆ ಒಂದು ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ!

ಈ ವಾರದ ಅಂಕಣ ಆ ಹುಡುಗನಿಗೆ ಸಲ್ಲಬೇಕಾದ ಉತ್ತರ. ಹೆಸರಿನಲ್ಲಿ ಬಣ್ಣ ಹೊತ್ತವರ ಒಂದು ಮೆರವಣಿಗೆಯನ್ನೇ ಕರೆತಂದಿದ್ದೇನೆ. ಮಕ್ಕಳ ಜೊತೆ ತಂದೆತಾಯಿಯರೂ ಕೂತು ಓದಲಿ ಎಂಬುದು ನನ್ನ ಕೋರಿಕೆ.

ಗಡ್ಡದಿಂದ ಬಂದ ಹೆಸರು

ಮೆರವಣಿಗೆಯ ಮುಂದಾಳು ಕೆಂಪು ಎರಿಕ್. ಸಾವಿರ ವರ್ಷಕ್ಕೂ ಹಿಂದೆ ಐಸ್‌ಲೆಂಡಿನಲ್ಲಿದ್ದ ಈತನಿಗೆ ಕೆಂಗೂದಲು, ಕೆಂಗಡ್ಡ, ಸ್ವಭಾವವೂ ಕೆಂಡವೇ. ಕೊಲೆ ಮಾಡಿದ್ದಕ್ಕಾಗಿ ಮೂರು ವರ್ಷ ಗಡೀಪಾರಾದ ಈತ ಸುಮಾರು 982ರಲ್ಲಿ ಪಶ್ಚಿಮದತ್ತ ಹಡಗು ತಿರುಗಿಸಿ ಒಂದು ದೊಡ್ಡ ನೆಲವನ್ನು ಕಂಡ. ಆ ನೆಲದ ಬಹುಪಾಲು ಬರೀ ಮಂಜುಗಡ್ಡೆ. ಅಲ್ಲಿಗೆ ಬಂದು ನೆಲಸಲು ಜನ ಬೇಕಲ್ಲ? ಒಳ್ಳೆಯ ಹೆಸರಿಟ್ಟರೆ ಜನ ಬರುತ್ತಾರೆ ಎಂದು ಲೆಕ್ಕ ಹಾಕಿ ಅದನ್ನು ಗ್ರೀನ್‌ಲೆಂಡ್, ಅಂದರೆ 'ಹಸಿರು ನಾಡು' ಎಂದು ಕರೆದ. ಜನ ಬಂದೇ ಬಂದರು! ಕೆಂಪು ಹೆಸರಿನವನು ಬಿಳಿಯ ನೆಲಕ್ಕೆ ಹಸಿರು ಹೆಸರಿಟ್ಟ ಕಥೆ ಇದು. ಈತನ ಮಗ ಲೀಫ್ ಎರಿಕ್ಸನ್ ಸುಮಾರು 1000ದ ಹೊತ್ತಿಗೆ, ಅಂದರೆ ಕೊಲಂಬಸನಿಗಿಂತ ಐದು ಶತಮಾನ ಮೊದಲೇ ಉತ್ತರ ಅಮೆರಿಕ ತಲುಪಿದ್ದ.

ಜರ್ಮನ್ ನಾಡುಗಳನ್ನು ಆಳಿದ ಚಕ್ರವರ್ತಿ ಒಂದನೆಯ ಫ್ರೆಡೆರಿಕ್‌ನಿಗೂ ಕೆಂಪು ಗಡ್ಡವೇ. ಇಟಲಿಯವರು ಅವನನ್ನು 'ಬಾರ್ಬರೋಸ' ಎಂದರು. ಅರ್ಥ 'ಕೆಂಗಡ್ಡ' ಅಷ್ಟೆ. ಧರ್ಮಯುದ್ಧಕ್ಕೆ ಹೊರಟ ಆ ಪರಾಕ್ರಮಿ 1190ರಲ್ಲಿ ಇಂದಿನ ಟರ್ಕಿಯ ನದಿಯೊಂದರಲ್ಲಿ ಮುಳುಗಿ ಸತ್ತ. 1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆ ದಂಡೆತ್ತಿ ಹೋದಾಗ ಆ ಕಾರ್ಯಾಚರಣೆಗೆ ಇಟ್ಟದ್ದು ಇದೇ ಬಾರ್ಬರೋಸನ ಹೆಸರನ್ನು. ಅದರ ಕೊನೆಯೂ ಮುಳುಗಡೆಯೇ ಆಯಿತು!

ಕೆಂಗಡ್ಡದ ಹಿಂದೆ ಕರಿಗಡ್ಡ. 'ಬ್ಲ್ಯಾಕ್‌ಬಿಯರ್ಡ್' ಎಂದು ಕುಖ್ಯಾತನಾದ ಕಡಲ್ಗಳ್ಳ ಎಡ್ವರ್ಡ್ ಟೀಚ್ ಹೋರಾಟದ ಹೊತ್ತಿನಲ್ಲಿ ಟೋಪಿಯ ಕೆಳಗೆ ಹೊಗೆಯಾಡುವ ಬತ್ತಿಗಳನ್ನು ಸಿಕ್ಕಿಸಿಕೊಂಡು ಬರುತ್ತಿದ್ದನಂತೆ. ನೋಡಿದವರ ಜಂಘಾಬಲವೇ ಉಡುಗಬೇಕು, ಅದೇ ಅವನ ಉಪಾಯ. 1718ರಲ್ಲಿ ಬ್ರಿಟಿಷ್ ನೌಕಾಪಡೆಯವರ ಕೈಯಲ್ಲಿ ಹತನಾದ.

ವಾಹನದಿಂದ ಬಂದ ಹೆಸರು

ಕೆಲವರಿಗೆ ಮೈಬಣ್ಣವಲ್ಲ, ಏರಿದ ವಾಹನದ ಬಣ್ಣ ಹೆಸರಾಗಿ ಅಂಟಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಚಾಲಕ ಮಾನ್‌ಫ್ರೆಡ್ ಫಾನ್ ರಿಖ್ತೋಫೆನ್ ತನ್ನ ವಿಮಾನಕ್ಕೆ ಕೆಂಪು ಬಳಿಸಿದ್ದ. ಬಚ್ಚಿಟ್ಟುಕೊಳ್ಳಬೇಕಾದ ಯುದ್ಧದಲ್ಲಿ "ಇಗೋ ಬಂದೆ" ಎಂದು ಸಾರುವ ಬಣ್ಣ! ಶ್ರೀಮಂತ ಮನೆತನದ ಈ 'ರೆಡ್ ಬ್ಯಾರನ್' ಶತ್ರುಪಕ್ಷದ 80 ವಿಮಾನಗಳನ್ನು ಉರುಳಿಸಿ, 1918ರ ಏಪ್ರಿಲ್ 21ರಂದು ತಾನೂ ಉರುಳಿದ. ಆಗ ಅವನ ವಯಸ್ಸು ಬರೀ 25. ಶತ್ರುಗಳೇ ಅವನಿಗೆ ಸಕಲ ಸೈನಿಕ ಗೌರವದೊಂದಿಗೆ ಅಂತ್ಯಸಂಸ್ಕಾರ ಮಾಡಿದರು.

ಇಂಥ ಹೆಸರು ನಮಗೇನೂ ಹೊಸದಲ್ಲ. ಅರ್ಜುನನಿಗೆ 'ಶ್ವೇತವಾಹನ' ಎಂಬ ಹೆಸರಿದೆ. ಅವನ ರಥದ ಕುದುರೆಗಳು ಬಿಳಿ. ಅವನ ಮಗ ಯಾರು? ಬಭ್ರುವಾಹನ. 'ಬಭ್ರು' ಎಂದರೆ ಕೆಂಪು ಬೆರೆತ ಕಂದು. ಅಪ್ಪನ ಹೆಸರಲ್ಲಿ ಬಿಳಿಯ ವಾಹನ, ಮಗನ ಹೆಸರಲ್ಲಿ ಕಂದು ವಾಹನ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೂ, 1977ರಲ್ಲಿ ತೆರೆಕಂಡ ರಾಜ್‌ಕುಮಾರ್ ಅವರ 'ಬಭ್ರುವಾಹನ' ನೋಡಿದವರಿಗೂ ಈ ತಂದೆಮಕ್ಕಳ ಕಾಳಗ ಚೆನ್ನಾಗಿ ಗೊತ್ತು. ಹೆಸರಿನ ಅರ್ಥವನ್ನು ಮಾತ್ರ ನಮ್ಮಲ್ಲಿ ಬಹಳ ಮಂದಿ ವಿಚಾರಿಸುವುದಿಲ್ಲ.

ಬಣ್ಣವೇ ಅಲ್ಲದ ಬಣ್ಣ

ಈಗ ಸ್ವಲ್ಪ ಎಚ್ಚರಿಕೆ! ರಸಪ್ರಶ್ನೆಯವರು ನಿಮ್ಮನ್ನು ಬೀಳಿಸುವ ಹಳ್ಳಗಳು ಇಲ್ಲಿವೆ.

ಡಚ್ಚರ ಸ್ವಾತಂತ್ರ್ಯ ಹೋರಾಟದ ನಾಯಕ ವಿಲಿಯಂ ಆಫ್ ಆರೆಂಜ್ (1533-1584). ಹಾಲೆಂಡಿನ ಫುಟ್‌ಬಾಲ್ ಆಟಗಾರರು ಕಿತ್ತಳೆ ಬಣ್ಣದ ಅಂಗಿ ತೊಡುವುದು ಈ ಮನೆತನದ ನೆನಪಿಗೆ. ಅವರ ಧ್ವಜದಲ್ಲಿ ಇರುವುದು ಕೆಂಪು, ಬಿಳಿ, ನೀಲಿ ಮಾತ್ರ. ಆದರೆ ವಿಲಿಯಂನ 'ಆರೆಂಜ್' ಬಣ್ಣವೂ ಅಲ್ಲ, ಹಣ್ಣೂ ಅಲ್ಲ. ಅದು ದಕ್ಷಿಣ ಫ್ರಾನ್ಸಿನ ಒಂದು ಊರು. ರೋಮನ್ನರ ಕಾಲದಲ್ಲಿ ಅದರ ಹೆಸರು 'ಅರೌಸಿಯೊ'. ಹನ್ನೊಂದನೆಯ ವಯಸ್ಸಿನಲ್ಲಿ ದಾಯಾದಿಯ ಆಸ್ತಿಯಾಗಿ ಆ ಊರಿನ ಒಡೆತನ ವಿಲಿಯಂನಿಗೆ ಬಂತು. ಹಣ್ಣಿನ ಹೆಸರಿನ ದಾರಿಯೇ ಬೇರೆ: ನಮ್ಮ ಸಂಸ್ಕೃತದ 'ನಾರಂಗ' ಪರ್ಷಿಯಾ, ಅರೇಬಿಯ, ಸ್ಪೇನ್ ದಾಟಿ ಯೂರೋಪಿನಲ್ಲಿ 'ಆರೆಂಜ್' ಆಯಿತು. ಎರಡು ಬೇರೆ ಬೇರೆ ಪದಗಳು ಉಚ್ಚಾರಣೆಯಲ್ಲಿ ಒಂದಾಗಿ, ಒಂದು ದೇಶಕ್ಕೇ ಬಣ್ಣ ಕಟ್ಟಿದವು!

ಲಾಲ್ ಬಹದ್ದೂರ್ ಶಾಸ್ತ್ರಿಯವರ 'ಲಾಲ್' ನೋಡಿ. ಹಿಂದಿ ಕಲಿತ ಮಕ್ಕಳು ಕೂಡಲೇ 'ಕೆಂಪು' ಎನ್ನುತ್ತಾರೆ. ಆದರೆ ಆ ಪದಕ್ಕೆ 'ಮುದ್ದಿನ ಮಗ' ಎಂಬ ಅರ್ಥವೂ ಇದೆ. ಹೆಸರುಗಳಲ್ಲಿ ಬರುವಾಗ ಸಾಮಾನ್ಯವಾಗಿ ಆ ಅರ್ಥವೇ. ಅಂದ ಹಾಗೆ, 'ಶಾಸ್ತ್ರಿ' ಎಂಬುದು ಅವರ ಜಾತಿಸೂಚಕವಲ್ಲ, ಕಾಶಿ ವಿದ್ಯಾಪೀಠದಿಂದ ಪಡೆದ ಪದವಿ. ಜಾತಿ ಸೂಚಿಸುವ ಮನೆಹೆಸರನ್ನು ಅವರು ಕೈಬಿಟ್ಟಿದ್ದರು.

ಇನ್ನು ನಮ್ಮ ಗಣಪತಿ. ಆತ 'ಕರಿಮುಖ'. ಕಪ್ಪು ಮುಖದವನೇ? ಅಲ್ಲ. ಸಂಸ್ಕೃತದಲ್ಲಿ 'ಕರಿ' ಎಂದರೆ ಆನೆ. ಕನ್ನಡದ 'ಕರಿ' ಕಪ್ಪು, ಸಂಸ್ಕೃತದ 'ಕರಿ' ಆನೆ. ಹಾಗೆಂದು, ಗೇಟಿನ ಬಳಿ ನಿಂತ ಹುಡುಗನಿಗೆ "ನಿನ್ನ ಹೆಸರಿನ ಕರಿ ಎಂದರೆ ಆನೆ, ಹೋಗು" ಎಂದು ಹೇಳಿ ನಾನು ಜಾರಿಕೊಳ್ಳುವಂತಿಲ್ಲ. ಅದು ಕಪ್ಪೇ ಎಂದು ಅವನೇ ಹೇಳಿದ್ದಾನೆ.

ಪಠ್ಯಪುಸ್ತಕದ ಬಣ್ಣಗಳು

ವಿಜ್ಞಾನದ ಪುಸ್ತಕದಲ್ಲಿ 'ಬ್ರೌನಿಯನ್ ಚಲನೆ' ಎಂದು ಓದುತ್ತೀರಲ್ಲ, ಅದು ಕಂದು ಬಣ್ಣದ ಚಲನೆಯಲ್ಲ! ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ ಪರಾಗದಿಂದ ಹೊರಬಂದ ಸೂಕ್ಷ್ಮ ಕಣಗಳು ನೀರಿನಲ್ಲಿ ಎಡೆಬಿಡದೆ ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಜೀವ ಇರುವುದರಿಂದ ಕುಣಿಯುತ್ತಿವೆಯೇ ಎಂದು ಸಂಶಯ ಬಂತು. ಗಾಜಿನ ಪುಡಿ, ಕಲ್ಲಿನ ಪುಡಿ ಹಾಕಿ ನೋಡಿದರು. ಅವೂ ಕುಣಿದವು! ನೀರಿನ ಅಣುಗಳ ಗುದ್ದಾಟವೇ ಇದಕ್ಕೆ ಕಾರಣವೆಂದು ಲೆಕ್ಕ ಹಾಕಿ ತೋರಿಸಲು 1905ರಲ್ಲಿ ಐನ್‌ಸ್ಟೈನ್ ಬರಬೇಕಾಯಿತು. ಜೀವಕೋಶದ 'ನ್ಯೂಕ್ಲಿಯಸ್'ಗೆ ಆ ಹೆಸರು ಕೊಟ್ಟವರೂ ಇದೇ ಬ್ರೌನ್. ಒಂದೇ ಹೆಸರು ಭೌತವಿಜ್ಞಾನದಲ್ಲೂ ಜೀವವಿಜ್ಞಾನದಲ್ಲೂ ನಿಂತಿತು.

ಇಂಗಾಲದ ಡೈ ಆಕ್ಸೈಡನ್ನು ಬೇರೆಯೇ ಅನಿಲವೆಂದು ಗುರುತಿಸಿ, ಗುಪ್ತೋಷ್ಣವನ್ನು ವಿವರಿಸಿದವರು ಜೋಸೆಫ್ ಬ್ಲ್ಯಾಕ್. ಇಟಲಿಯ ಮಹಾನ್ ಸಂಗೀತ ರಚನಕಾರ ಜುಸೆಪ್ಪೆ ವೆರ್ದಿ (1813-1901) ಅವರ ಮನೆಹೆಸರಿನಲ್ಲಿ ಇರುವುದು ಹಸಿರು. ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದರೆ ಬರೀ 'ಜೋಸೆಫ್ ಗ್ರೀನ್'! ಅಷ್ಟು ಸಾಮಾನ್ಯವಾಗಿ ಕೇಳುವ ಹೆಸರಿನ ಮನುಷ್ಯನ 'ಆಯಿದಾ' ಗೀತನಾಟಕ 1871ರಲ್ಲಿ ಕೈರೋದಲ್ಲಿ ಮೊದಲು ರಂಗವೇರಿ ಲೋಕಪ್ರಸಿದ್ಧವಾಯಿತು.

ಎಲ್ಲಕ್ಕಿಂತ ಸೋಜಿಗದ್ದು ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಅವರ ಹೆಸರು. ಈ ಜರ್ಮನ್ ಖಗೋಳವಿಜ್ಞಾನಿ ಮೊದಲ ಮಹಾಯುದ್ಧದಲ್ಲಿ ರಷ್ಯಾ ಗಡಿಯಲ್ಲಿ ಸೈನಿಕ ಸೇವೆಯಲ್ಲಿದ್ದಾಗಲೇ ಐನ್‌ಸ್ಟೈನರ ಹೊಸ ಸಮೀಕರಣಗಳಿಗೆ ಉತ್ತರ ಕಂಡುಹಿಡಿದರು. 1916ರಲ್ಲಿ, 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಲೆಕ್ಕದಿಂದ ಮುಂದೆ ಹೊರಬಂದದ್ದೇ ಕಪ್ಪು ಕುಳಿ. 'ಕಪ್ಪು ಕುಳಿ' ಎಂಬ ಹೆಸರು ಚಾಲ್ತಿಗೆ ಬಂದದ್ದು 1967ರ ನಂತರ. ಈಗ ಅವರ ಮನೆಹೆಸರಿನ ಅರ್ಥ ಕೇಳಿ: ಜರ್ಮನ್ ಭಾಷೆಯಲ್ಲಿ 'ಶ್ವಾರ್ಟ್ಸ್' ಎಂದರೆ ಕಪ್ಪು, 'ಶಿಲ್ಡ್' ಎಂದರೆ ಗುರಾಣಿ. ಕಪ್ಪು ಕುಳಿಗೆ ದಾರಿ ತೋರಿದವರು 'ಕಪ್ಪು ಗುರಾಣಿ'!

ಕನ್ನಡಿಯ ಮುಂದೆ

ಇನ್ನು ಕಥೆಯ ಪಾತ್ರಗಳು. ಸ್ನೋವೈಟ್ ಎಲ್ಲ ಮಕ್ಕಳಿಗೂ ಗೊತ್ತು. ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ಕಥೆಯಲ್ಲಿ ಆಕೆಯ ಹೆತ್ತತಾಯಿ ಕೇಳಿಕೊಂಡದ್ದು ಒಂದಲ್ಲ, ಮೂರು ಬಣ್ಣಗಳನ್ನು. ಹಿಮದಂಥ ಬಿಳುಪು, ರಕ್ತದಂಥ ಕೆಂಪು, ಕಿಟಕಿಯ ಮರದ ಚೌಕಟ್ಟಿನಂಥ ಕಪ್ಪು. ಮಗುವಿಗೆ ಮೂರೂ ಸಿಕ್ಕವು. ಕಪ್ಪು ಕೂದಲಿಗೆ ಬಂತು. ಆದರೆ ಹೆಸರಿಡುವಾಗ ಮಾತ್ರ ಬಿಳುಪೊಂದನ್ನೇ ಆರಿಸಿಕೊಂಡರು. ಕನ್ನಡಿಯನ್ನು ಕೇಳುತ್ತಿದ್ದ ಮಲತಾಯಿಯನ್ನು ನಾವು ಬೈಯುತ್ತೇವೆ. ಆದರೆ ಮದುವೆಯ ಜಾಹೀರಾತಿನಲ್ಲಿ 'ಬೆಳ್ಳಗಿನ ವಧು ಬೇಕು' ಎಂದು ಬರೆಸುವಾಗ ಅದೇ ಕನ್ನಡಿಯ ಮುಂದೆ ನಿಂತಿರುತ್ತೇವೆ!

ಬಣ್ಣದ ಮಾತಿನ ಚುಚ್ಚು ದೇವಲೋಕವನ್ನೂ ಬಿಟ್ಟಿಲ್ಲ. ಶಿವ ಒಮ್ಮೆ ಸರಸಕ್ಕೆಂದು ಪಾರ್ವತಿಯನ್ನು 'ಕಾಳಿ', ಅಂದರೆ 'ಕಪ್ಪಗಿರುವವಳೇ' ಎಂದು ಕರೆದ ಕಥೆ ಪುರಾಣಗಳಲ್ಲಿದೆ. ನೊಂದ ಪಾರ್ವತಿ ಕೈಲಾಸ ಬಿಟ್ಟು ತಪಸ್ಸಿಗೆ ಹೋದಳು. ಮೈಬಣ್ಣ ಕಳಚಿಕೊಂಡು 'ಗೌರಿ'ಯಾಗಿ ಮರಳಿದಳು. ಜಗನ್ಮಾತೆಗೇ ನೋವಾದ ತಮಾಷೆ ಒಂಬತ್ತನೆಯ ತರಗತಿಯ ಹುಡುಗನಿಗೆ ನೋವಾಗದೆ ಇದ್ದೀತೆ?

ಹತ್ತನೆಯ ಹೆಸರು

ಈಗ ಮೆರವಣಿಗೆಯ ಕೊನೆಗೆ ಬಂದೆವು. ಕೊನೆಯಲ್ಲಿ ಬರುವುದೇ ದೇವರ ಪಲ್ಲಕ್ಕಿ ಅಲ್ಲವೇ?

ಮಹಾಭಾರತ ಬರೆದವರು ಯಾರು? ವ್ಯಾಸರು. ಅವರ ಹೆಸರು ಕೃಷ್ಣದ್ವೈಪಾಯನ. ದ್ವೀಪದಲ್ಲಿ ಹುಟ್ಟಿದ್ದರಿಂದ ದ್ವೈಪಾಯನ, ಕಪ್ಪಗಿದ್ದುದರಿಂದ ಕೃಷ್ಣ. ಕಥೆಯ ಸೂತ್ರಧಾರ ಯಾರು? ಶ್ರೀಕೃಷ್ಣ, ಅದೂ ಕಪ್ಪೇ. ಕಥಾನಾಯಕಿ ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಅಗ್ನಿಕುಂಡದಿಂದ ಎದ್ದುಬಂದ ಆ ಕಪ್ಪು ಚೆಲುವೆಗೆ ಸಮನಾದ ರೂಪ ಲೋಕದಲ್ಲೇ ಇರಲಿಲ್ಲ. ಬರೆದವರು, ನಡೆಸಿದವರು, ಕಥೆಗೆ ಕಾರಣಳಾದವಳು ಮೂವರ ಹೆಸರೂ 'ಕಪ್ಪು'!

ಇದೇ ವಂಶದಲ್ಲಿ ಬಿಳಿಚಿದವನೂ ಒಬ್ಬನಿದ್ದ. ವ್ಯಾಸರನ್ನು ಕಂಡು ಅಂಬಾಲಿಕೆ ಹೆದರಿ ಬಿಳಿಚಿಕೊಂಡಳು. ಹುಟ್ಟಿದ ಮಗನೂ ಬಿಳಿಚಿಕೊಂಡಿದ್ದ. ಅವನೇ ಪಾಂಡು. 'ಪಾಂಡು' ಎಂದರೆ ಬಿಳಿಚು ಬಣ್ಣ.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳಿ ಎಂದು ನಮ್ಮ ಮನೆಗಳಲ್ಲಿ ಅಜ್ಜಿಯರು ಕಲಿಸುತ್ತಿದ್ದರು. ಆ ಹತ್ತು ಹೆಸರುಗಳ ಮೂಲ ವಿರಾಟಪರ್ವದಲ್ಲಿದೆ. ರಣರಂಗದಲ್ಲಿ ನಡುಗುತ್ತಿದ್ದ ಉತ್ತರಕುಮಾರನಿಗೆ ಬೃಹನ್ನಳೆ "ನಾನೇ ಅರ್ಜುನ" ಎಂದಾಗ ಅವನು ನಂಬಲಿಲ್ಲ. "ಹಾಗಾದರೆ ಅರ್ಜುನನ ಹತ್ತು ಹೆಸರು, ಅವುಗಳ ಕಾರಣ ಹೇಳು" ಎಂದ. ಅದೂ ಒಂದು ರಸಪ್ರಶ್ನೆಯೇ! ಅರ್ಜುನ ಒಂದೊಂದಾಗಿ ಹೇಳುತ್ತಾನೆ. 'ಅರ್ಜುನ' ಎಂದರೆ ಬಿಳಿ. ಕಳಂಕವಿಲ್ಲದ ಕೆಲಸ ಮಾಡುವುದರಿಂದ ತನಗೆ ಆ ಹೆಸರು ಎನ್ನುತ್ತಾನೆ. ಕಾರಣ ವಿವರಿಸುವಾಗ ಹತ್ತನೆಯದಾಗಿ ಹೇಳುವ ಹೆಸರು 'ಕೃಷ್ಣ'. ಹೌದು, ಅರ್ಜುನನಿಗೂ ಆ ಹೆಸರಿತ್ತು. ಕೊಟ್ಟವರು ಯಾರು? ಕಪ್ಪಾಗಿ ಹೊಳೆಯುತ್ತಿದ್ದ ಮಗುವಿನ ಮೇಲಿನ ಪ್ರೀತಿಯಿಂದ ತಂದೆ ಇಟ್ಟ ಹೆಸರು ಅದು ಎನ್ನುತ್ತಾನೆ ಅರ್ಜುನ.

ತಂದೆ ಎಂದರೆ ಪಾಂಡು. ಹೆಸರಿನಲ್ಲೇ ಬಿಳಿಚು ಹೊತ್ತವನು ಮಗನನ್ನು ಎತ್ತಿಕೊಂಡು, ಮುದ್ದಿಗೆಂದು 'ಕರಿಯ' ಎಂದು ಕರೆದ! ಬಿಳಿ ಎಂಬ ಹೆಸರು ಅರ್ಜುನನ ಕೆಲಸದಿಂದ ಬಂತು, ಕಪ್ಪು ಎಂಬ ಹೆಸರು ಅಪ್ಪನ ಪ್ರೀತಿಯಿಂದ. ಲೋಕೈಕವೀರ ತನ್ನ ಗುರುತು ಹೇಳಬೇಕಾಗಿ ಬಂದಾಗ ಎರಡನ್ನೂ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ.

ಆ ಹುಡುಗನಿಗೆ

ಮಗೂ, ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಹೆಸರು ಬದಲಾಯಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಬೇಕೆನಿಸಿದರೆ ಮನೆಯವರೊಂದಿಗೆ ಮಾತಾಡಿ ಬದಲಾಯಿಸಿಕೋ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ನಗುವಿಗೆ ಹೆದರಿ ಬದಲಾಯಿಸಬೇಡ. ಆ ದಿನ ಹೆಸರಿನಲ್ಲಿ ಕೆಂಪು ಇದ್ದವನಿಗೆ ಚಪ್ಪಾಳೆ ತಟ್ಟಿ, ಕಪ್ಪು ಇದ್ದವನಿಗೆ ನಕ್ಕವರು ನಾವು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಕರಿಯಮ್ಮನಿಗೆ ಕೈಮುಗಿದು ಬಂದು, ಅದೇ ಬಣ್ಣದ ಹುಡುಗನಿಗೆ ನಗುವವರೂ ನಾವೇ. ನಾಚಬೇಕಾದವನು ನೀನಲ್ಲ. ನಿನ್ನ ಅಪ್ಪ ನಿನ್ನಲ್ಲಿ ತನ್ನ ಅಪ್ಪನನ್ನು ಕಂಡು ಆ ಹೆಸರಿಟ್ಟರು. ಪಾಂಡು ಮಾಡಿದ್ದೂ ಅದನ್ನೇ. ಅವನ ಅಪ್ಪನ ಹೆಸರೂ ಕೃಷ್ಣ ಎಂಬುದನ್ನು ಮರೆಯಬೇಡ.

ತಂದೆತಾಯಿಯರಲ್ಲಿ ಒಂದು ಮಾತು. ನಿಮ್ಮ ಮಗುವಿನ ಹೆಸರಿನ ಕಥೆಯನ್ನು ಮಗುವಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಇಂದು ರಾತ್ರಿ ಊಟಕ್ಕೆ ಕೂತಾಗ ಹೇಳಿ. ಕಥೆ ಗೊತ್ತಿರುವ ಮಗು, ಯಾರಾದರೂ ನಕ್ಕರೆ ತಲೆ ತಗ್ಗಿಸುವುದಿಲ್ಲ.

ಈ ವಾರದ ಐದು ಪ್ರಶ್ನೆಗಳು

1. 1983ರಲ್ಲಿ ಭಾರತಕ್ಕೆ ಕ್ರಿಕೆಟ್ ವಿಶ್ವಕಪ್ ಗೆದ್ದುಕೊಟ್ಟ ನಾಯಕನ ಹೆಸರಿನಲ್ಲಿರುವ ಬಣ್ಣ ಯಾವುದು?
2. ಸೂರ್ಯನ ಸಾರಥಿಯ ಹೆಸರೇನು? ಅದು ಯಾವ ಬಣ್ಣ?
3. 1553ರಲ್ಲಿ ಕೇವಲ ಒಂಬತ್ತು ದಿನ ಇಂಗ್ಲೆಂಡಿನ ರಾಣಿಯಾಗಿದ್ದವಳ ಮನೆಹೆಸರಿನಲ್ಲಿ ಯಾವ ಬಣ್ಣವಿದೆ?
4. 1936ರಲ್ಲಿ ಪ್ರಕಟವಾದ 'ಗಾನ್ ವಿತ್ ದ ವಿಂಡ್' ಕಾದಂಬರಿಯ ನಾಯಕಿಯ ಹೆಸರಿನಲ್ಲಿರುವ ಬಣ್ಣ ಯಾವುದು?
5. 'ಬ್ಲ್ಯಾಕ್ ಪ್ರಿನ್ಸ್' ಎಂದು ಪ್ರಸಿದ್ಧನಾದ ಇಂಗ್ಲೆಂಡಿನ ರಾಜಕುಮಾರನ ನಿಜವಾದ ಹೆಸರೇನು?

ಉತ್ತರಗಳು: 1. ಕಪಿಲ್ ದೇವ್, 'ಕಪಿಲ' ಎಂದರೆ ಕೆಂಪು ಬೆರೆತ ಕಂದು. ನಂಜನಗೂಡಿನ ಕಪಿಲಾ ನದಿಯ ಹೆಸರಲ್ಲೂ ಇದೇ ಪದವಿದೆ. 2. ಅರುಣ, ಮುಂಜಾವಿನ ಕೆಂಪು. 3. ಬೂದು; ಲೇಡಿ ಜೇನ್ ಗ್ರೇ. ಮರುವರ್ಷವೇ ಆ ಎಳೆಯ ಹುಡುಗಿಯ ಶಿರಚ್ಛೇದನವಾಯಿತು. 4. ಕಡುಗೆಂಪು, ಸ್ಕಾರ್ಲೆಟ್ ಒಹಾರಾ. ಲೇಖಕಿ ಮಾರ್ಗರೆಟ್ ಮಿಚೆಲ್ ಮೊದಲು ಆಕೆಗೆ ಪ್ಯಾನ್ಸಿ ಎಂಬ ಹೂವಿನ ಹೆಸರಿಟ್ಟಿದ್ದರು. 5. ಎಡ್ವರ್ಡ್ (1330-1376). ಬದುಕಿದ್ದಾಗ ಅವನನ್ನು ಯಾರೂ ಹಾಗೆ ಕರೆದ ದಾಖಲೆಯಿಲ್ಲ. 'ಕಪ್ಪು' ಬರಹದಲ್ಲಿ ಅವನ ಹೆಸರಿಗೆ ಸೇರಿದ್ದು ಹದಿನಾರನೆಯ ಶತಮಾನದಲ್ಲಿ.

ಐದಕ್ಕೆ ಐದೂ ಸರಿಯಾದವರಿಗೆ ಶಭಾಷ್! ಮುಂದಿನ ವಾರ ಭೇಟಿಯಾಗೋಣ.